ನಾಲ್ಕನೆಯ ಮೊಳೆ

ಜುಬೈಲಿನ ಇದಿನಬ್ಬಾಕನ ಕೆಫೆಟೇರಿಯಾದಲ್ಲಿ
ಫ್ರಿಜ್ಜಿನ ಮೇಲಿನ ಗೋಡೆಗೆ ಮೂರು ಫೋಟೋ.
ಮೂವರೂ ವಾಲಿಬಾಲಿನ ಸ್ಮ್ಯಾಶರುಗಳು,
ಮೂವರೂ ನೆಲ ಬಿಟ್ಟವರು,
ನೆಟ್ಟಿನ ಮೇಲೆ ಎದೆಯವರೆಗೆ ಕಾಣುವವರು.
ನಾಲ್ಕನೆಯ ಮೊಳೆ ಹೊಡೆದು ಎರಡು ವರ್ಷ.
ಈ ಸಲ ಲಿಫ್ಟರಿಗೇ ಎಂದು ತೀರ್ಮಾನವಾಯಿತು.
ಯಾವ ಲಿಫ್ಟರಿಗೆ ಎಂಬಲ್ಲಿಗೆ
ಎಲ್ಲರ ಚಾಯವೂ ಆರಿತು.

"ಸಿಲ್ವೆಸ್ಟರ್" ಎಂದರು ಶಿರ್ವದವರು, ಒಂದೇ ಬಾಯಲ್ಲಿ.
"ಏಳು ಟ್ರೋಫಿ ಮಾರಾಯ್ರೆ, ಏಳು!"
"ಅವನಿಗೇನು, ಆರೂಕಾಲಡಿ ಜೋಕಿಮ್ ಇದ್ದ ಪಕ್ಕದಲ್ಲಿ,
ಕಲ್ಲಂಗಡಿ ಎತ್ತಿ ಕೊಟ್ಟರೂ ಹೊಡೆಯುತ್ತಿದ್ದ"
ಅಂದ ದಾಮುದಿ,
ಭಟ್ಕಳದ ಹೆಸರೊಂದನ್ನು ನಾಲಗೆಯ ಕೆಳಗೆ ಇಟ್ಟುಕೊಂಡು.
ಆಮೇಲೆ ಅದನ್ನೂ ಬಿಟ್ಟ: ಮುಜ್ತಬಾ.
ಹದಿನಾಲ್ಕು ವರ್ಷ ಆಡಿದ, ಒಂದು ಟ್ರೋಫಿಯೂ ಇಲ್ಲ,
ಆದರೆ ಒಮ್ಮೆಯೂ ಡಬಲ್ ಟಚ್ ಕೊಟ್ಟದ್ದಿಲ್ಲ ರೆಫರಿ.
"ರೆಫರಿ ಅವನ ಭಾವ!" ಎಂದಿತು ಮೂಲೆಯ ಮೇಜು.
ಒಂದು ಕುರ್ಚಿ ಬಿತ್ತು. ಎತ್ತಿದರು.
ಸಮೋಸಾ ಬಂತು.

ಆಗ ಹಣಮಂತ್ರಾಯ, ಸ್ಕ್ಯಾಫೋಲ್ಡಿಂಗಿನವ,
ವರ್ಷಕ್ಕೆ ನಾಲ್ಕು ಮಾತಾಡುವವ, ಅಂದ:
"ಭೀಮಶಾ."
"ಒಂದೇ ಸೀಸನ್ ಆಡಿದ್ದಲ್ಲವಾ?
ಫೈನಲ್ ಎಕ್ಸಿಟ್ ಹೊಡೆಸಿಕೊಂಡು ಹೋದವನಿಗೆ
ಗೋಡೆ ಯಾಕೆ?"
"ಇಲ್ಲಿ ಮಳಿ ವರ್ಷಕ್ಕ ಎಷ್ಟ ದಿನ ಬರತದ್ರಿ?
ಯಾವ ದಿನ ಬಂದಿತ್ತು ಅಂತ
ಎಲ್ಲಾರಿಗೂ ನೆನಪದ ಹೌದಿಲ್ಲೋ?"
ಅಷ್ಟೇ. ಸಮೋಸಾ ಮುರಿದ.

ಎಲ್ಲರೂ ನನ್ನ ಕಡೆ ತಿರುಗಿದರು.
ಹನ್ನೊಂದು ವರ್ಷದ ಸ್ಕೋರು ನನ್ನ ಹತ್ತಿರ,
ಸಿಮೆಂಟು ಕಂಪನಿಯ ಹಳೆ ಡೈರಿಗಳಲ್ಲಿ.
ತೆಗೆದೆ. ನಾಲ್ಕು ತಲೆ ನನ್ನ ಹೆಗಲ ಮೇಲೆ ಬಗ್ಗಿತು.
ಹೊಡೆದವನ ನಂಬರಿದೆ,
ಹೊರಗೆ ಹೊಡೆದವನ ನಂಬರಿದೆ,
ಶಮಾಲ್ ಗಾಳಿ ಎದ್ದು ಆಟ ನಿಂತ ನಿಮಿಷ ಇದೆ,
ಹಾಲೋಜನ್ ಸಿಡಿದದ್ದೂ ಇದೆ.
ಎತ್ತಿ ಕೊಟ್ಟವನಿಗೆ ಕಾಲಮ್ಮೇ ಇಲ್ಲ.
ಆ ಕಾಲಮ್ಮುಗಳ ಗೆರೆ ಎಳೆದವನು ನಾನೇ,
ಸ್ಕೇಲಿಟ್ಟು.

ಇರಲಿ, ಫೋಟೋ ಆದರೂ ನೋಡುವ ಎಂದು
ಫೋನುಗಳು ಹೊರಬಂದವು.
ಸ್ಕ್ರೀನಿನ ಮೇಲೆ ಬೆರಳು ಉಜ್ಜಿದ್ದೇ ಉಜ್ಜಿದ್ದು.
ಜೋಕಿಮ್ ಹಾರುತ್ತಿದ್ದಾನೆ. ಜೋಕಿಮ್ ಇನ್ನೂ ಹಾರುತ್ತಿದ್ದಾನೆ.
ಅಂಚಿನಲ್ಲಿ ಸಿಲ್ವೆಸ್ಟರನ ಮೊಣಕೈ.
ಮುಜ್ತಬಾನ ಬೆನ್ನು, ಬೆವರಿನಲ್ಲಿ ಭೂಪಟ.
ಭೀಮಶಾನದ್ದೆಂದು ಒಂದು ಬೂಟು,
ಅದೂ ಎರವಲಿನದು, ನನ್ನದೇ ಇರಬೇಕು ಅಂದ ಯಾರೋ.
ಮುಖ ಯಾವುದರಲ್ಲೂ ಇಲ್ಲ.
ಚೆಂಡನ್ನೇ ನೋಡುವವರ ಗದ್ದ ಮಾತ್ರ
ಕ್ಯಾಮೆರಾಕ್ಕೆ ಸಿಗುತ್ತದೆ.

ಇಶಾ ಬಾಂಗ್ ಆಯಿತು. ಷಟರು ಅರ್ಧ ಇಳಿಯಿತು.
ಅದರ ಕೆಳಗೆ ಬಗ್ಗಿ ಹೊರಬರುವಾಗಲೂ
ಏಳು ಟ್ರೋಫಿ, ಏಳು, ಎನ್ನುತ್ತಲೇ ಇದ್ದರು.
ಇದಿನಬ್ಬಾಕ ತನ್ನ ಸಾಲದ ಪುಸ್ತಕವನ್ನು
ನಾಲ್ಕನೆಯ ಮೊಳೆಗೆ ತೂಗುಹಾಕಿದ,
ಸದ್ಯಕ್ಕೆ.

ನಾನು ಬಾಯಿಬಿಟ್ಟು ಹೇಳದೇ ಇದ್ದದ್ದು:
ಭೀಮಶಾ ಬಂದ ಸೀಸನ್ನಿನ ಮೊದಲ ಮ್ಯಾಚು
ನಾನೂ ಆಡಿದ್ದೆ.
ಜೂನಿನ ಧೂಳು, ಹಲ್ಲಿನ ಸಂದಿಯಲ್ಲಿ ಮರಳು,
ಇಪ್ಪತ್ತಮೂರು ಇಪ್ಪತ್ತಮೂರು.
ಅವನ ಹತ್ತು ಬೆರಳಿನಿಂದ ಚೆಂಡು
ಸದ್ದಿಲ್ಲದೆ ಎದ್ದು
ನನ್ನ ಅಂಗೈಗೆ ಅಳತೆ ತೆಗೆದಂತೆ ನಿಂತಿತು.
ನೆಟ್ಟಿಗೆ ಹೊಡೆದೆ.
ಹಿಂದಿನವರು ತಾಯಿ ಅಕ್ಕ ಎಲ್ಲ ತೆಗೆದರು.
ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ,
ಮುಂದಿನದನ್ನೂ ನನಗೇ ಎತ್ತಿದ,
ಅದೇ ಎತ್ತರಕ್ಕೆ, ಕೂದಲೆಳೆ ಆಚೀಚೆ ಇಲ್ಲದೆ.
ಅದನ್ನೂ ನೆಟ್ಟಿಗೇ ಹೊಡೆದು ಮ್ಯಾಚು ಸೋಲಿಸಿದೆ.

ಮರುವಾರ ನಾನು ಡೈರಿ ಹಿಡಿದು ಕುರ್ಚಿಯಲ್ಲಿ ಕೂತೆ.
ವಾರ್ಮಪ್ಪಿನ ಹೊತ್ತು ಅವನು ಬಳಿ ಬಂದು ಕೇಳಿದ:
"ಯಾಕ್ರಿ, ಇವತ್ತ ಬರಂಗಿಲ್ಲೇನು?
ನಿಮಗ ಅಂತ ಒಂದ್ ಬಾಲ್ ಇಟ್ಟೀನಿ."