ಯಾರ ಮನೆಗೆ

ಮೈಸೂರಿಗೆ ಟಿಕೀಟು ತೆಗೆಸಿದವಳು
ಮಂಡ್ಯದಲ್ಲಿ ಇಳಿದುಬಿಟ್ಟೆ.
ಅರ್ಧ ಡಬ್ಬಿ ಕಿಟಕಿಗೆ ಬಂದು ಕೂಗಿತು:
"ಮೈಸೂರು ಇನ್ನೂ ಬಂದಿಲ್ಲ ಕಣಮ್ಮ!"
ಗೊತ್ತು ಎಂದು ಕೈ ಆಡಿಸಿದೆ.
ಬೆನ್ನಿನ ಮೇಲೆ ಹನ್ನೊಂದು ಕಿಲೋ ಚೀಲ,
ಗಾಳಿಯಲ್ಲಿ ಕಬ್ಬಿನ ಹಾಲು ಹುಳಿಯುವ ವಾಸನೆ.

ಲಾಡ್ಜಿನ ಪುಸ್ತಕದಲ್ಲಿ ಆರನೆಯ ಕಾಲಂ: ಬಂದ ಕಾರಣ.
"ಊರು ನೋಡಲು" ಎಂದು ಬರೆದೆ.
ಚಲುವರಾಜು ಕನ್ನಡಕ ಏರಿಸಿ ಓದಿದರು,
ಇನ್ನೊಮ್ಮೆ ಓದಿದರು,
ನನ್ನೆದುರಿಗೇ ಗೆರೆ ಎಳೆದು
"ಸ್ವಂತ ಕೆಲಸ" ಎಂದು ತಿದ್ದಿದರು.
"ಪೊಲೀಸ್ನೋರು ನೋಡ್ತಾರೆ ಮೇಡಂ, ನಂಬೋ ಹಂಗಿರಬೇಕು."
ನನಗಿಂತ ಮೇಲಿನ ಸಾಲುಗಳಲ್ಲಿ
ಕೋರ್ಟು, ಕೋರ್ಟು, ಮದುವೆ,
ಗೊಬ್ಬರದ ಕಂಪನಿ, ಕೋರ್ಟು.

ನೂರಡಿ ರಸ್ತೆಯನ್ನು ಅಡ್ಡಕ್ಕೆ ಅಳೆದೆ.
ನನ್ನ ಪಾದಕ್ಕೆ ಎಂಬತ್ತೇಳು,
ನಡುವೆ ಒಂದು ಎಮ್ಮೆ.

ಎಳನೀರಿನವನು ಕೊಚ್ಚುತ್ತ ಕೇಳಿದ: "ಯಾರ ಮನೆಗೆ?"
ಪೇಟೆ ಬೀದಿಯಲ್ಲಿ ಪಾತ್ರೆ ತೂಗುತ್ತಿದ್ದವಳು
ತಕ್ಕಡಿ ನಿಲ್ಲಿಸಿ: "ಯಾರ ಮನೆಗೆ?"
ಯಾರ ಮನೆಗೂ ಅಲ್ಲ ಅಂದರೆ
ಯಾರೋ ತೀರಿಕೊಂಡರು ಅಂದ ಹಾಗೆ
ಮುಖ ಚಿಕ್ಕದು ಮಾಡುತ್ತಾರೆ.
ಮಧ್ಯಾಹ್ನದ ಹೊತ್ತಿಗೆ ಊರೇ ನನಗೊಂದು ಕೆಲಸ ಹುಡುಕಿತ್ತು:
ಗುತ್ತಲಿನ ಯಾವುದೋ ಗಂಡಿನ ವಿಷಯ
ಗುಟ್ಟಾಗಿ ವಿಚಾರಿಸಲು ಬಂದ ಹೆಣ್ಣಿನ ಕಡೆಯವಳು.
ಸೈಕಲ್ ಇಳಿದು ಒಬ್ಬರು ತಾವಾಗಿ ಹೇಳಿದರು:
"ಹುಡ್ಗ ಚಿನ್ನ ಕಣವ್ವ. ವಸಿ ಕೋಪ ಜಾಸ್ತಿ, ಅಷ್ಟೇಯ."

ನಾನು ಗುಮ್ಮಟದ ಊರಿನವಳು.
ನಮ್ಮ ಓಣಿಯಿಂದ ಎಲ್ಲಿ ತಿರುಗಿದರೂ ಅದೇ ಬೆನ್ನು.
ಬಸ್ಸು ಬಸ್ಸು ಜನ ಬರುತ್ತಾರೆ,
ಮೇಲೆ ಹತ್ತಿ ತಮ್ಮ ಹೆಸರು ಕೂಗುತ್ತಾರೆ,
ಅದು ಏಳು ಸಲ ತಿರುಗಿ ಬರುವವರೆಗೆ ಕೇಳಿ
ಇಳಿದು ಹೋಗುತ್ತಾರೆ.
ನಲವತ್ತು ವರ್ಷದಲ್ಲಿ ಒಬ್ಬರೂ
ನಮ್ಮ ಓಣಿಗೆ ತಿರುಗಲಿಲ್ಲ.
ಅವರನ್ನು ನಾವೂ ಕೇಳಲಿಲ್ಲ, ಯಾರ ಮನೆಗೆ ಎಂದು.
ಗುಮ್ಮಟವಿಲ್ಲದ ಊರಲ್ಲಿ
ಜನ ಏನು ಕೂಗುತ್ತಾರೆ?
ಇದಿಷ್ಟೇ ನನ್ನ ಸ್ವಂತ ಕೆಲಸ.

ಚೀಲದ ಪಟ್ಟಿ ಕಿತ್ತು ಬಂತು.
ಶಾಲೆ ಮಕ್ಕಳ ಬ್ಯಾಗು ಹೊಲಿಯುವ ಜಬೀವುಲ್ಲಾ
ಏನೂ ಕೇಳದೆ ಮೂರು ಸಾಲು ಹೊಲಿಗೆ ಹಾಕಿ
ಎತ್ತಿ ನೋಡಿ, ಕೊನೆಗೆ ಕೇಳಿದರು:
"ಇಷ್ಟು ಭಾರ ಯಾರಿಗೆ?"
ಇಡೀ ದಿನ ಉತ್ತರ ಹೇಳುತ್ತಲೇ ಬಂದವಳಿಗೆ
ಅದಕ್ಕೊಂದು ಹೊಳೆಯಲಿಲ್ಲ.
ಇಪ್ಪತ್ತು ರೂಪಾಯಿ ಕೊಟ್ಟು ನಡೆದೆ.

ಸಂಜೆ ನಾಲೆಯ ಏರಿ.
ಸೇತುವೆಯಿಂದ ಹುಡುಗರು ಧುಮುಕುತ್ತಿದ್ದರು,
ಪ್ರತಿ ಸಲ ತಂತಮ್ಮ ಅಮ್ಮನ ಹೆಸರು ಕೂಗಿ.
ಯಾವುದೂ ತಿರುಗಿ ಬರಲಿಲ್ಲ.
ನೀರು ಅವನ್ನೆಲ್ಲ ಹೊತ್ತುಕೊಂಡು
ಗದ್ದೆಗಳ ಕಡೆ ಹೋಯಿತು.

ರಾತ್ರಿ ಪುಟ್ಟಲಿಂಗಮ್ಮನ ಹೋಟೆಲು: ಎರಡು ಬೆಂಚು, ಒಂದು ಒಲೆ.
ಮುದ್ದೆ ಮುರಿದು ಬಾಯಿಗಿಟ್ಟೆ.
"ಅಗೀಬ್ಯಾಡ, ನುಂಗು" ಎಂದಳು.
ರೊಟ್ಟಿಯ ದವಡೆ, ಮಾತು ಕೇಳಲಿಲ್ಲ.
"ಇಲ್ಲಿ ನೋಡಾಕೆ ಏನೈತೆ ಅಂತ ಬಂದೆ?"

ಹೇಳಿದೆ. ಎಮ್ಮೆ, ನೂರಡಿಗೆ ಹದಿಮೂರು ಕಡಿಮೆ,
ಕಬ್ಬಿನ ಟ್ರಾಕ್ಟರಿನ ಹಿಂದೆ ಓಡಿ
ಒಂದು ಜಲ್ಲೆ ಎಳೆದುಕೊಂಡ ಯೂನಿಫಾರ್ಮಿನ ಹುಡುಗಿ,
ಸೇತುವೆ, ಅಮ್ಮಂದಿರ ಹೆಸರುಗಳು.
ಸೌಟು ಕೈಯಲ್ಲೇ ಹಿಡಿದು ಕೇಳಿದಳು.
"ಯಾವ್ ಯಾವ್ ಹೆಸ್ರು?"
ನೆನಪಿದ್ದಷ್ಟು ಹೇಳಿದೆ: ಜಯಶೀಲ, ಸಾಕಮ್ಮ, ನೂರ್‌ಜಹಾನ್.
"ಅಯ್ಯೋ, ಸಾಕಮ್ಮನ ಮಗ ಈಜು ಕಲ್ತನಾ?"
ಐವತ್ತೆಂಟು ವರ್ಷ ಇಲ್ಲೇ ಇದ್ದವಳು
ಒಲೆಯ ಕಡೆ ತಿರುಗಿ ತನಗೇ ಹೇಳಿಕೊಂಡಳು:
"ಹಂಗಾದ್ರೆ ನೋಡಾಕೆ ಐತೆ."

ಐತಿ, ಅಂದೆ ನಾನು.
ಐತೆ, ಎಂದು ತಿದ್ದಿದಳು.

ಉಪ್ಪಿನಕಾಯಿಗೆ ಬೇರೆ ಐದು ರೂಪಾಯಿ ಹಿಡಿದಳು.