ನೀಲಿ ಹೆಬ್ಬೆಟ್ಟು

ಬಳ್ಳಾರಿ, ಕೌಲ್ ಬಜಾರಿನ ಶಾಲೆ, ಐದನೇ ಕ್ಲಾಸು.
ಮೇಜಿನ ಮೇಲೆ ಮೂವತ್ತೆಂಟು ನೋಟುಬುಕ್ಕು.
ವಿಷಯ: ನನ್ನ ತಾಯಿ.
ಮೂವತ್ತೇಳರಲ್ಲಿ ಒಬ್ಬಳೇ ತಾಯಿ.
ಕರುಣೆಯ ಕಡಲು, ತ್ಯಾಗದ ಮೂರ್ತಿ, ಉರಿಯುವ ದೀಪ.
ಗೈಡಿನ ಐವತ್ತೆರಡನೇ ಪುಟದಿಂದ ಇಳಿದು ಬಂದು
ಮೂವತ್ತೇಳು ಮನೆಯಲ್ಲೂ
ಬೆಳಗಿನ ಜಾವಕ್ಕೇ ಎದ್ದು ನಗುತ್ತಿದ್ದಾಳೆ.

ಕೊನೆಯದು ಹುಲಿಗೆಮ್ಮನದು.
ಮೂರೇ ಸಾಲು. ಅಂಚಿನಲ್ಲೊಂದು ನೀಲಿ ಹೆಬ್ಬೆಟ್ಟು.

ನಮ್ಮವ್ವ ಜೀನ್ಸು ಪ್ಯಾಂಟು ಒಲಿತಾಳೆ.
ದಿನಾ ಒಲಿತಾಳೆ.
ಕರೆಂಟು ಹೋದರೆ ಮಾತ್ರ ಒಲಿಯೋದಿಲ್ಲ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಹಕಾರ ಎಲ್ಲಿ ಹೋಯಿತು ತಾಯೀ?
ಇನ್ನೇನು ಗೀಚಬೇಕು,
ಕರೆಂಟು ಇರುವಷ್ಟು ಹೊತ್ತೂ ಒಲಿಯುವ ಹೆಂಗಸೊಬ್ಬಳು
ಕಣ್ಣ ಮುಂದೆ ಕೂತುಬಿಟ್ಟಳು.
ಪೆನ್ನು ಅಲ್ಲೇ ಒಣಗಿತು.

ಕರೆದು ಕೇಳಿದೆ: ಆಮೇಲೆ?
'ಅಷ್ಟೇ ಟೀಚರ್.'
ಪ್ಯಾಂಟು ಪೂರಾ ನಿಮ್ಮವ್ವನೇ ಹೊಲೀತಾಳಾ?
'ಇಲ್ರೀ, ಜೇಬು. ಅದೂ ಎಡಗಡೇದು.
ಬಲಗಡೆ ಜೇಬು ಮೌಲಾಬಿ ಅತ್ತೇದು.
ಒಂದು ಇಡೀ ಪ್ಯಾಂಟು ನಮ್ಮವ್ವ ಇನ್ನಾ ಹೊಲಿದೇ ಇಲ್ಲ.'
ಬರಿ ಅದನ್ನ, ಅಂದೆ.
'ಇದನ್ನೂ ಬರೀಬೌದಾ?' ಅಂದಳು,
ಕದ್ದ ಮಾವಿನಕಾಯಿ
ತಿನ್ನಬಹುದಾ ಎಂದು ಕೇಳುವವಳ ಹಾಗೆ.

ಸೋಮವಾರ ನಾಲ್ಕು ಪುಟ ಬಂತು.
ಅಜ್ಜಿ ಬಂತು, ಮೂಟೆ ತರುವ ಆಟೋ ಬಂತು,
ತೊಳೆಯುವ ಘಟಕದ ನೀಲಿ ನೀರು ಮೋರಿಗೆ ಬಂತು,
ಮೋರಿಯಲ್ಲಿ ಮಲಗಿ ಎದ್ದ ನಾಯಿಗೆ ನೀಲಿ ಬಾಲ ಬಂತು.
ಹನ್ನೊಂದು ಸಲ 'ಮತ್ತೆ' ಬಂತು.
ಒಂದಿಷ್ಟು ತೆಗೆಯೋಣವಾ?
ನೋಟುಬುಕ್ಕು ಎದೆಗೆ ಅವುಚಿಕೊಂಡಳು.

ನನಗೂ ಹಾಗೇ ಇತ್ತು.
ಆರನೇ ಕ್ಲಾಸಿನಲ್ಲಿ ಮೇಷ್ಟ್ರು
ನನ್ನ ಮೊದಲ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು.
ಒಂದೇ ಗೆರೆ.
ಇವತ್ತಿಗೂ ರಜಾ ಅರ್ಜಿ ಬರೆಯುವಾಗ
ಆ ಗೆರೆ ಎಡವುತ್ತದೆ ಕಾಲಿಗೆ.

ಅದಕ್ಕೇ ಸುಮ್ಮನೆ, ಬೇರೇನೋ ಕೇಳಿದೆ:
ಬೆರಳೇಕೆ ನೀಲಿ?
'ರಾತ್ರಿ ಅಜ್ಜಿ ಜೊತೆ ದಾರ ಕತ್ತರಿಸ್ತೀನ್ರೀ.
ಜೋತಾಡೋದು ಅಷ್ಟೇ ಕತ್ತರಿಸ್ಬೇಕು.
ಗಂಟಿನ ದಾರ ಎಳೆದ್ರೆ
ಜೇಬೇ ಕೈಗೆ ಬರ್ತೈತೆ.'
ಅಂದು, ತಾನೇ ಸುಮ್ಮನಾದಳು.
ನೋಟುಬುಕ್ಕು ಮೆಲ್ಲಗೆ ಕೆಳಗಿಳಿಯಿತು.

ಕಿಟಕಿಯ ಪಕ್ಕ ನಿಂತು ಗಟ್ಟಿಯಾಗಿ ಓದಿದಳು.
ನಾಲಗೆ ತೊಡರಿದಲ್ಲಿ ನಿಂತಳು, ಬೆರಳಿಟ್ಟಳು, ತೆಗೆದಳು.
ಹತ್ತು 'ಮತ್ತೆ' ಉದುರಿದವು.
ಆಟೋ ಹೋಯಿತು.
ಈ ನಾಯಿ ಯಾಕೆ, ಇದೂ ಹೋಗಲಿ, ಅಂದೆ.
'ಬ್ಯಾಡ್ರೀ! ಅದು ಗಂಟಿನ ದಾರ.'
ಮತ್ತೊಮ್ಮೆ ಓದಿ ನೋಡಿದೆ.
ಅವಳೇ ಸರಿ. ನಾಯಿ ಇಲ್ಲದಿದ್ದರೆ
ಓಣಿಯೇ ಕೈಗೆ ಬರುತ್ತಿತ್ತು.

ಈಗ ಮಧ್ಯಾಹ್ನದ ಬಿಡುವಿನಲ್ಲಿ ಗಾದಿಲಿಂಗ, ಖಾಜಾಬಿ,
ಯರ್ರಿಸ್ವಾಮಿ ಸುತ್ತ ಕೂರುತ್ತಾರೆ.
ಒಬ್ಬರದು ಒಬ್ಬರು ಓದುತ್ತಾರೆ, ಜಗಳವಾಡುತ್ತಾರೆ.
ಗಾದಿಲಿಂಗನ ಅವ್ವ ಇನ್ನೂ ಕರುಣೆಯ ಕಡಲೇ.
ಕಡಲು ನೀನು ನೋಡೀಯೇನೋ, ಎಂದು ಕೇಳಿ
ಅವನನ್ನು ಅಳಿಸಿದರು.
ಮಾರನೇ ದಿನ ಕಡಲು ತೆಗೆದು
ತುಂಗಭದ್ರೆಯ ಕಾಲುವೆ ಹಾಕಿಕೊಂಡು ಬಂದ.
ಇರಲಿ, ಅಷ್ಟು ದೂರ ಬಂದಿದ್ದಾನೆ.

ನಿನ್ನೆ ಬಿಇಓ ಕಚೇರಿಗೆ ನಾನು ವರದಿ ಬರೆಯುತ್ತಿದ್ದೆ:
'ಮಕ್ಕಳ ಬರವಣಿಗೆಯಲ್ಲಿ ಅತ್ಯಂತ ಗಣನೀಯವಾದ ಪ್ರಗತಿ...'
ಭುಜದ ಹಿಂದಿನಿಂದ ನೀಲಿ ಬೆರಳೊಂದು
'ಅತ್ಯಂತ'ದ ಮೇಲೆ ಬಂದು ಕೂತಿತು.
'ಜೋತಾಡ್ತೈತೆ ಟೀಚರ್.'
ಕತ್ತರಿಸಿದೆ.
'ಗಣನೀಯ'ವನ್ನೂ ನೋಡುತ್ತಿದ್ದಳು,
ಹಾಳೆ ಮುಚ್ಚಿದೆ.

ಅವಳ ಕೊನೆಯ ಪ್ರತಿ ನನ್ನ ಮುಂದಿದೆ. ಒಂದೂವರೆ ಪುಟ.
ಹಕಾರಗಳನ್ನೆಲ್ಲ ತಾನೇ ಹುಡುಕಿ ಹಾಕಿದ್ದಾಳೆ,
ಒಂದನ್ನು ಬಿಟ್ಟು:
ಎಡಗಡೆ ಜೇಬು ಯಾರಿಗೂ ಕಾಣೋದಿಲ್ಲ,
ಆದರೂ ನಮ್ಮವ್ವ ಅದನ್ನೇ ಒಲಿತಾಳೆ.

ಮರೆತಳೋ, ಬಿಟ್ಟಳೋ.
ನಿಯಮದ ಪ್ರಕಾರ ಅರ್ಧ ಅಂಕ ಕಳೆಯಬೇಕು.
ಕಳೆದಿದ್ದೇನೆ,
ಪೆನ್ಸಿಲಿನಲ್ಲಿ.