ಮಂಜಿನ ಗಂಟೆ

ನಮ್ಮ ಚರ್ಚಿನ ಗಂಟೆಯ ಮೇಲೆ ಕೊರೆದದ್ದು
ಯಾವ ಸಂತನ ಹೆಸರೂ ಅಲ್ಲ.
‘ಡೊರೊಟಿಯಾ, ಬ್ರೆಮನ್’ ಎಂದಿತ್ತು.
ಬಂಡೆಗೆ ಬಡಿದು ಒಡೆದ ಹಡಗು.
ಮೊದಲು ಹನ್ನೊಂದು ಹೆಣ ದಡಕ್ಕೆ ಬಂದವು,
ಆಮೇಲೆ ಮುರಿದ ಅಟ್ಟಕ್ಕೆ ಕಚ್ಚಿಕೊಂಡೇ ಈ ಗಂಟೆ,
ತೊಲೆ, ಹಲಗೆ, ಒಂದು ಪೀಪಾಯಿ ಒಣದ್ರಾಕ್ಷಿ.
ಹೆಣಗಳನ್ನು ಹೂಳಿದರು. ಉಳಿದದ್ದರಲ್ಲಿ ಚರ್ಚು ಕಟ್ಟಿದರು.
ದ್ರಾಕ್ಷಿ ಏನಾಯಿತೆಂದು ದಾಖಲೆಯಲ್ಲಿಲ್ಲ.

ಪೆನ್ನಿವೆಲ್ಸ್ ಟಿಕಲ್, ನ್ಯೂಫೌಂಡ್‌ಲ್ಯಾಂಡಿನ ತೆಂಕಣ ಅಂಚು.
ಎರಡು ಬಂಡೆಗಳ ನಡುವೆ ದಾರದಂಥ ನೀರು,
ಇಪ್ಪತ್ತೊಂದು ಮನೆ. ರಸ್ತೆಯಿಲ್ಲ.
ಮಣ್ಣೂ ಅಷ್ಟಕ್ಕಷ್ಟೆ, ದೋಣಿಯಲ್ಲಿ ತಂದು ಹರವಿದ್ದು:
ಆಲೂಗಡ್ಡೆಗೊಂದು ಪಾಲು, ಸತ್ತವರಿಗೊಂದು ಪಾಲು.

ಪಾದ್ರಿ ಬರುತ್ತಿದ್ದದ್ದು ವರ್ಷಕ್ಕೆ ಮೂರು ಸಲ, ಕಡಲು ಒಪ್ಪಿದರೆ.
ಬಂದ ದಿನವೇ ಎಲ್ಲವೂ:
ಆಗಲೇ ಓಡಾಡುವ ಕೂಸುಗಳಿಗೆ ಬಪ್ತಿಸ್ಮ,
ಬಸುರು ಮುಚ್ಚಲಾರದ ಮದುಮಗಳಿಗೆ ಉಂಗುರ,
ಹುಲ್ಲು ಮೂಡಿದ ಗೋರಿಗೆ ಕೊನೆಯ ಮಾತು.
ಉಳಿದ ಭಾನುವಾರಗಳೆಲ್ಲ ನನ್ನ ಅಪ್ಪನವು.
ಲಿಯಾಂಡರ್ ಕೀಪಿಂಗ್. ಪಾದ್ರಿಯಲ್ಲ, ಬರೀ ಓದುಗ,
ಮೂರನೇ ಕ್ಲಾಸು. ಪ್ರಾರ್ಥನೆಯ ಅಕ್ಷರಗಳನ್ನು
ಮೀನಬಾಯಿಂದ ಗಾಳ ಬಿಡಿಸಿದಂತೆ ಒಂದೊಂದಾಗಿ ಬಿಡಿಸುತ್ತಿದ್ದ.
ರೊಟ್ಟಿ ಹರಸುವ ಹಕ್ಕಿಲ್ಲ, ಪಾಪ ಕ್ಷಮಿಸುವ ಹಕ್ಕಿಲ್ಲ.
ಆ ಸಾಲು ಬಂದಾಗ ಒಮ್ಮೆ ಕೆಮ್ಮಿ
ಪುಟ ಮಗುಚುತ್ತಿದ್ದ.
ಕ್ಷಮೆಯಿಲ್ಲದೆಯೇ ನಾವು ಮನೆಗೆ ಹೋಗಿ ಉಣ್ಣುತ್ತಿದ್ದೆವು.

ಹೆಪ್ಜಿಬಾ ವಾರ್ಡಿ ಸತ್ತದ್ದು ಜನವರಿಯಲ್ಲಿ, ನೆಲ ಕಲ್ಲಾದಾಗ.
ಮೇ ತಿಂಗಳವರೆಗೆ ಅವಳನ್ನು ಉಪ್ಪಿನ ಕೊಟ್ಟಿಗೆಯಲ್ಲಿಟ್ಟರು.
ಗಂಡ ದಿನಾ ಸಂಜೆ ಬಾಗಿಲ ಹೊರಗೆ ನಿಂತು
ಅಂದಿನ ಸುದ್ದಿಯಷ್ಟೂ ಹೇಳಿ ಹೋಗುತ್ತಿದ್ದ.

ಗಂಟೆ ಹೆಚ್ಚಾಗಿ ಬಡಿದದ್ದು ದೇವರಿಗಲ್ಲ, ಮಂಜಿಗೆ.
ದೋಣಿ ಹೊರಗಿದ್ದಾಗ ಮಂಜು ಇಳಿದರೆ
ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದು ಹಗ್ಗ ಹಿಡಿಯುತ್ತಿದ್ದರು,
ಸರದಿಯ ಮೇಲೆ. ನನ್ನ ಸರದಿ ಬಂದಾಗ ನನಗೆ ಒಂಬತ್ತು.
ನಾವು ಆಂಗ್ಲಿಕನ್ನರು, ಕೊಲ್ಲಿಯಾಚೆಯವರು ಮೆಥಡಿಸ್ಟರು;
ಮದುವೆಗೂ ಒಬ್ಬರ ಹೊಸ್ತಿಲನ್ನೊಬ್ಬರು ತುಳಿಯದವರು.
ಸದ್ದಿನ ಜಾಡು ಹಿಡಿದು ಅವರ ದೋಣಿಗಳೂ ಬಂದವು.
ನಮ್ಮ ಕಟ್ಟೆಯಲ್ಲಿ ಚಹಾ ಕುಡಿದು,
ದೇವರ ವಿಷಯ ತೆಗೆಯದೆ, ಹೋದರು.

ಆಮೇಲೆ ಸರಕಾರದವನು ಬಂದ. ಚರ್ಮದ ಚೀಲ, ಒದ್ದೆ ಬೂಟು.
ಹತ್ತರಲ್ಲಿ ಒಂಬತ್ತು ಮನೆ ಒಪ್ಪಿದರೆ ಎಲ್ಲರಿಗೂ ದುಡ್ಡು,
ರಸ್ತೆಯಿರುವ ಊರು, ಡಾಕ್ಟರು, ಕರೆಂಟು.
ಹತ್ತೊಂಬತ್ತು ಸಹಿ ಬೇಕು.
ಹದಿನೆಂಟಕ್ಕೆ ನಿಂತಿತು, ಇಡೀ ಚಳಿಗಾಲ.
ಒಂದೇ ದೋಣಿಯ ಅಣ್ಣತಮ್ಮಂದಿರು ಮಾತು ಬಿಟ್ಟರು.
ಚರ್ಚಿನಲ್ಲಿ ಹೋಗುವವರು ಬಲಕ್ಕೆ, ಉಳಿಯುವವರು ಎಡಕ್ಕೆ,
ನಡುವೆ ಅಪ್ಪ, ಪುಸ್ತಕದೊಳಗೆ ಮುಖವಿಟ್ಟು.

ಏಪ್ರಿಲ್. ಸೆಲ್ಬಿ ಆರ್ಗನ್‌ನ ಕೂಸಿಗೆ ಗಂಟಲು ಕಟ್ಟಿತು.
ಡಾಕ್ಟರ ದೋಣಿ ಮಂಜುಗಡ್ಡೆಯಲ್ಲಿ.
ಅಪ್ಪನೇ ನೀರು ಹಾಕಿ ಹೆಸರಿಟ್ಟ. ಅಂಥ ಹೊತ್ತಿನಲ್ಲಿ
ಅದಕ್ಕೆ ಯಾರಿಗೂ ಹಕ್ಕಿದೆ.
ಮರುದಿನ ಅದೇ ಹೆಸರನ್ನು ಹಲಗೆಯ ಮೇಲೆ ಕೊರೆದ.
ಆ ರಾತ್ರಿ ಸಹಿ ಹಾಕಿದ. ದೀಪ ಹಿಡಿದಿದ್ದವಳು ನಾನು.

ಮನೆಗಳನ್ನು ಪೀಪಾಯಿಗಳಿಗೆ ಬಿಗಿದು ಕಡಲಿಗಿಳಿಸಿದೆವು.
ನಮ್ಮ ಅಡುಗೆಮನೆಯ ಪರದೆ ಕೊಲ್ಲಿಯುದ್ದಕ್ಕೂ ಆಡುತ್ತಿತ್ತು.
ಚರ್ಚನ್ನು ತೇಲಿಸಲಿಲ್ಲ.
ಬಿಷಪ್ ಬಂದು ಕಾಗದ ಓದಿದರು: ಇನ್ನು ಇದು ಚರ್ಚಲ್ಲ.
ಅದೇ ಹಲಗೆ, ಅದೇ ಟಾರಿನ ವಾಸನೆ.
ಇನ್ನು ಒಳಗೂ ಟೋಪಿ ಹಾಕಬಹುದೇನೋ ಎಂದು ತಿಳಿಯದೆ
ಗಂಡಸರು ಅದನ್ನು ಕೈಯಲ್ಲೇ ತಿರುಗಿಸುತ್ತ ನಿಂತರು.

ಗಂಟೆ ಈಗ ಇಲ್ಲಿದೆ, ಹೊಸ ಊರಿನ ಹಜಾರದಲ್ಲಿ,
ನಾಲಿಗೆ ಕಳಚಿ. ಮೇಲೊಂದು ಚೀಟಿ: ಮುಟ್ಟಬೇಡಿ.
ಭಾನುವಾರ ನಾವು ಏಳು ಜನ, ಹೀಟರಿನ ಸುತ್ತ.
ಪಾದ್ರಿಯಮ್ಮ ಕಾರಿನಲ್ಲಿ ವಾರವಾರವೂ ಬರುತ್ತಾಳೆ,
ಒಳ್ಳೆಯವಳು, ಕ್ಷಮೆಯನ್ನೂ ಜೊತೆಗೇ ತರುತ್ತಾಳೆ.
ಆ ಸಾಲು ಬಂದಾಗ
ನನಗೆ ಕೆಮ್ಮು ಬರುತ್ತದೆ.